ಬ್ರಿಟಿಷ್ ಜನರಲ್ ಒಬ್ಬನ ಸೇವಾಚರಿತ್ರೆಯನ್ನು ದಾಖಲೆಗಳಿಂದ ಕಟ್ಟುವುದು ಹೇಗೆ

1900–1920ರ ಕಾಲದ ಬ್ರಿಟಿಷ್ ಜನರಲ್ ಒಬ್ಬನ ಸೇವೆಯನ್ನು ವರ್ಷವಾರು ಬರೆಯಬೇಕಿದ್ದರೆ ಆತ್ಮಕಥೆಯಿಂದಲೋ ನಿಧನವಾರ್ತೆಯಿಂದಲೋ ಶುರು ಮಾಡಬೇಡಿ. ಅವುಗಳಲ್ಲಿ ಬಡ್ತಿಗಳು ಸಾಲಾಗಿ ಸಿಗುತ್ತವೆ, ಕೆಲಸವಿಲ್ಲದೆ ಕೂತ ತಿಂಗಳುಗಳು ಸಿಗುವುದಿಲ್ಲ. ಮೊದಲು ಲಂಡನ್ ಗೆಜೆಟ್ (ನೇಮಕ, ಬಡ್ತಿಗಳನ್ನು ಪ್ರಕಟಿಸುವ ಸರ್ಕಾರಿ ಪತ್ರಿಕೆ), ಆಮೇಲೆ ಆರ್ಮಿ ಲಿಸ್ಟ್ (ಸೈನ್ಯದ ಅಧಿಕಾರಿಗಳ ಅಚ್ಚಾದ ಪಟ್ಟಿ), ಉಳಿದದ್ದೆಲ್ಲ ಅನಂತರ. ಉದಾಹರಣೆಗೆ ವಿಲಿಯಂ ರಾಬರ್ಟ್‌ಸನ್‌ನನ್ನು ಇಟ್ಟುಕೊಳ್ಳೋಣ. ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಫೀಲ್ಡ್ ಮಾರ್ಷಲ್ ಆದವನು ಇವನೊಬ್ಬನೇ.

ಐದು ಕಾಲಂ ಹಾಕಿಕೊಳ್ಳಿ: ದಿನಾಂಕ, ದರ್ಜೆ, ದರ್ಜೆಯ ಬಗೆ, ಹುದ್ದೆ, ಗೆಜೆಟ್ ಪುಟ. ದರ್ಜೆಯನ್ನೂ ಹುದ್ದೆಯನ್ನೂ ಒಂದೇ ಕಾಲಂಗೆ ತುಂಬಿದರೆ ಮುಂದೆ ಬಿಡಿಸಲಾಗದ ಗಂಟು ಬೀಳುತ್ತದೆ.

ಹೆಚ್ಚು ಎಡವುವುದು ಮೂರನೆಯ ಕಾಲಂನಲ್ಲೇ. ಸಬ್‌ಸ್ಟಾಂಟಿವ್ ಎಂದರೆ ಕಾಯಂ ದರ್ಜೆ. ಬ್ರೆವೆಟ್ ಎಂದರೆ ಸೈನ್ಯದ ಒಟ್ಟು ಸೀನಿಯಾರಿಟಿಯಲ್ಲಿ ಮೇಲೇರಿದರೂ ರೆಜಿಮೆಂಟಿನೊಳಗೆ ಹಳೆಯ ದರ್ಜೆಯಲ್ಲೇ ಉಳಿಯುವುದು. ಟೆಂಪರರಿ ದರ್ಜೆ ಹುದ್ದೆ ಇರುವಷ್ಟು ದಿನ ಮಾತ್ರ. ಲೋಕಲ್ ದರ್ಜೆ ನಿರ್ದಿಷ್ಟ ಪ್ರದೇಶದಲ್ಲಿ ಮಾತ್ರ. ರಾಬರ್ಟ್‌ಸನ್ 1900ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆದದ್ದು ಬ್ರೆವೆಟ್ ಲೆಕ್ಕದಲ್ಲಿ. ಅದನ್ನು ಕಾಯಂ ಎಂದು ಬರೆದುಕೊಂಡರೆ ಮುಂದಿನ ಸೀನಿಯಾರಿಟಿ ಲೆಕ್ಕವೆಲ್ಲ ಕೆಡುತ್ತದೆ. ಬ್ರಿಗೇಡಿಯರ್ ಜನರಲ್ ಎಂಬುದೂ ಆ ಕಾಲದಲ್ಲಿ ಹುದ್ದೆಗೆ ಅಂಟಿಕೊಂಡ ದರ್ಜೆ. ಹುದ್ದೆ ಹೋದರೆ ಅಧಿಕಾರಿ ಮತ್ತೆ ಕರ್ನಲ್. ಹಾಗಾಗಿ ಯಾರಾದರೂ ಜನರಲ್ ಆಗಿ ಮತ್ತೆ ಕರ್ನಲ್ ಆದಂತೆ ಕಂಡರೆ ಶಿಕ್ಷೆಯಾಯಿತೆಂದು ತೀರ್ಮಾನಿಸಬೇಡಿ.

ಗೆಜೆಟ್ ನಮೂದಿನ ಕೊನೆಯ ದಿನಾಂಕವನ್ನೇ ಹಿಡಿಯಿರಿ, ಸಂಚಿಕೆಯ ದಿನಾಂಕವನ್ನಲ್ಲ. ಯುದ್ಧಕಾಲದಲ್ಲಿ ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಬೀಳುತ್ತದೆ. ಜನವರಿ 1 ಮತ್ತು ಜೂನ್ 3ರ ಬಡ್ತಿಗಳು ಕಂಡರೆ ಅವು ಹೊಸ ವರ್ಷದ ಮತ್ತು ದೊರೆಯ ಹುಟ್ಟುಹಬ್ಬದ ಗೌರವಪಟ್ಟಿಯವು ಇರಬಹುದು. ಆನ್‌ಲೈನ್ ಹುಡುಕಾಟದಲ್ಲಿ ಹೆಸರು ಸಿಗದಿದ್ದರೆ ಸ್ಕ್ಯಾನ್ ಮಾಡಿದ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿರಬಹುದು. ಆಗ ರೆಜಿಮೆಂಟಿನ ಹೆಸರಿನಿಂದ ಹುಡುಕಿ, ಪುಟವನ್ನು ಕಣ್ಣಲ್ಲೇ ಓದಿ. 1888ಕ್ಕೆ ಮುಂಚಿನ ರಾಬರ್ಟ್‌ಸನ್‌ನನ್ನು ಅಧಿಕಾರಿಗಳ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಸಿಕ್ಕಿದ್ದೇ ಆ ವರ್ಷ, 3ನೇ ಡ್ರಾಗೂನ್ ಗಾರ್ಡ್ಸ್ ಎಂಬ ಕುದುರೆ ರೆಜಿಮೆಂಟಿನಲ್ಲಿ. 1877ರಲ್ಲಿ 16ನೇ ಲ್ಯಾನ್ಸರ್ಸ್ ಎಂಬ ಇನ್ನೊಂದು ಕುದುರೆ ರೆಜಿಮೆಂಟ್ ಸೇರಿದಾಗ ಅವನಿಗೆ ಸೇರಲು ಬೇಕಿದ್ದ 18 ತುಂಬಿರಲಿಲ್ಲ, ಆದ್ದರಿಂದ ಸೇರ್ಪಡೆ ಕಾಗದದ ವಯಸ್ಸಿನಿಂದ ಹುಟ್ಟಿದ ದಿನ ಲೆಕ್ಕ ಹಾಕಬೇಡಿ.

ಹುದ್ದೆಯ ಕಾಲಂ ಖಾಲಿ ಉಳಿದರೆ ಅಳಿಸಬೇಡಿ, ಊಹಿಸಿ ತುಂಬಲೂಬೇಡಿ. ಹುದ್ದೆಯ ಅವಧಿ ಮುಗಿದು ಮುಂದಿನದು ಸಿಗದಿದ್ದರೆ ಅಧಿಕಾರಿ ಹಾಫ್ ಪೇಗೆ ಹೋಗುತ್ತಿದ್ದ, ಅಂದರೆ ಅರ್ಧ ಸಂಬಳದಲ್ಲಿ ಕಾಯುವುದು. ರಾಬರ್ಟ್‌ಸನ್ 1907ರ ಆರಂಭದಲ್ಲಿ ವಾರ್ ಆಫೀಸ್ (ಸೈನ್ಯದ ಆಡಳಿತ ಇಲಾಖೆ) ಬಿಟ್ಟಾಗ ಹೀಗೇ ಆಯಿತು. ಜರ್ಮನ್, ಆಸ್ಟ್ರಿಯನ್ ಸೈನಿಕ ಕೈಪಿಡಿಗಳನ್ನು ಅನುವಾದಿಸಿ ಅವನು ಮನೆ ನಡೆಸಿದ. ಆಮೇಲೆ ಆಲ್ಡರ್‌ಷಾಟ್ ಸೇನಾನೆಲೆ, 1910ರಲ್ಲಿ ಅಧಿಕಾರಿಗಳಿಗೆ ಕಲಿಸುವ ಕ್ಯಾಂಬರ್ಲಿ ಸ್ಟಾಫ್ ಕಾಲೇಜಿನ ಮುಖ್ಯಸ್ಥ, 1914ರಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಪಡೆಯ ಕ್ವಾರ್ಟರ್‌ಮಾಸ್ಟರ್ ಜನರಲ್ (ಸರಬರಾಜಿನ ಮುಖ್ಯಸ್ಥ), 1915ರ ಡಿಸೆಂಬರಿನಿಂದ 1918ರ ಫೆಬ್ರವರಿವರೆಗೆ ಇಂಪೀರಿಯಲ್ ಜನರಲ್ ಸ್ಟಾಫ್ ಮುಖ್ಯಸ್ಥ, ಅಂದರೆ ಇಡೀ ಬ್ರಿಟಿಷ್ ಸೈನ್ಯದ ಮುಖ್ಯಸ್ಥ. ಹಾಫ್ ಪೇ ಸಾಲು ಬಿಟ್ಟರೆ ಈ ಏರಿಕೆ ಬರೀ ಅದೃಷ್ಟದಂತೆ ಕಾಣುತ್ತದೆ.

ವೈಯಕ್ತಿಕ ಕಡತ ಸಿಗದೇ ಇರಬಹುದು. 1940ರ ಬಾಂಬ್ ದಾಳಿಯಲ್ಲಿ ಅಧಿಕಾರಿಗಳ ಮುಖ್ಯ ಸೇವಾ ಕಡತಗಳು ಸುಟ್ಟವು. ಪತ್ರವ್ಯವಹಾರದ ಕಡತಗಳಲ್ಲಿ ಉಳಿದಿರುವವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಒ (ವಾರ್ ಆಫೀಸ್) 339 ಮತ್ತು 374 ಸರಣಿಗಳಲ್ಲಿವೆ. ಯುದ್ಧ ದಿನಚರಿಗಳು ಡಬ್ಲ್ಯೂಒ 95ರಲ್ಲಿ. ಅಲ್ಲಿ ಜನರಲ್ಲನ ಹೆಸರು ಹಾಕಿ ಹುಡುಕಬೇಡಿ. ಅವನು ನಡೆಸಿದ ಡಿವಿಷನ್ ಅಥವಾ ಕೋರ್ (ಸೈನ್ಯದ ದೊಡ್ಡ ವಿಭಾಗಗಳು) ಹೆಸರು ಹಾಕಿ. ರಾಬರ್ಟ್‌ಸನ್‌ನ ಖಾಸಗಿ ಕಾಗದಗಳು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿವೆ.

ಭಾರತದಲ್ಲಿದ್ದವರ ವಿಷಯಕ್ಕೆ ಇನ್ನೊಂದು ಎಚ್ಚರಿಕೆ. ಬ್ರಿಟಿಷ್ ಆರ್ಮಿ, ಇಂಡಿಯನ್ ಆರ್ಮಿ ಬೇರೆ ಬೇರೆ. ಎರಡನೆಯದರ ಬಡ್ತಿಗಳು ಗೆಜೆಟ್‌ನಲ್ಲಿ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಲಾಖೆ) ಶೀರ್ಷಿಕೆಯಡಿ ಬರುತ್ತವೆ, ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಬೆಂಗಳೂರು ಬ್ರಿಗೇಡ್ ಇದ್ದದ್ದು 9ನೇ ಸಿಕಂದರಾಬಾದ್ ಡಿವಿಷನ್‌ನಡಿ, ಅದರ ಕಮಾಂಡರನನ್ನೂ ಅಲ್ಲೇ ಹುಡುಕಬೇಕು.