ಬಾಕ್ಸಿನಲ್ಲಿ ಹೆಸರು, ಬಿಲ್ಲಿನಲ್ಲಿ ಕೃಷಿಕ: ಆಟೊಕಂಪ್ಲೀಟ್ ಕಟ್ಟಿದ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ಖರೀದಿ ಮಾಡುವ ಒಂದು ಅಂಗಡಿಗೆ ಬಿಲ್ಲಿಂಗ್ ವೆಬ್ ಆ್ಯಪ್ ಮಾಡಿಕೊಟ್ಟೆ. ಅದರಲ್ಲಿ ಜಾಸ್ತಿ ತಲೆ ತಿಂದದ್ದು ತೂಕ, ದರದ ಲೆಕ್ಕವಲ್ಲ. ಕೃಷಿಕರ ಹೆಸರು ಹಾಕುವ ಬಾಕ್ಸ್.

ನಮ್ಮ ಕಡೆ ಶಂಕರ ಭಟ್ ಅಂದರೆ ಯಾವ ಶಂಕರ ಭಟ್ ಅಂತ ಕೇಳಲೇಬೇಕು. ಮನೆ ಹೆಸರು ಬೇಕು, ಅದೂ ಸಾಲದಿದ್ದರೆ ಅಪ್ಪನ ಹೆಸರು. "ಶಂಕ" ಅಂತ ಹೊಡೆದ ಕೂಡಲೇ ಕೆಳಗೆ ಹೊಂದುವ ಹೆಸರುಗಳ ಪಟ್ಟಿ ಇಳಿಸುವುದು, ಅಂದರೆ ಆಟೊಕಂಪ್ಲೀಟ್, ಸುಲಭ. ಎಚ್‌ಟಿಎಂಎಲ್‌ನ ಡೇಟಾಲಿಸ್ಟ್ ಟ್ಯಾಗ್ ಇದ್ದರೂ ಆಗುತ್ತದೆ. ಆದರೆ ಅದರಲ್ಲಿ ಸರ್ವರ್‌ಗೆ ಹೋಗುವುದು ಬಾಕ್ಸಿನೊಳಗಿನ ಅಕ್ಷರ ಮಾತ್ರ. ಬಿಲ್ಲಿಗೆ ಬೇಕಾದದ್ದು ಕೃಷಿಕ ಎಂಬ ಆಬ್ಜೆಕ್ಟ್, ಅಂದರೆ ಅವರ ಪೂರ್ತಿ ದಾಖಲೆ. ಮುಂಗಡ ಬಾಕಿ, ಬ್ಯಾಂಕ್ ಖಾತೆ, ಹಳೆ ಬಿಲ್ಲು ಎಲ್ಲ ಇರುವುದು ಅದರಲ್ಲಿ.

ಹಾಗಾಗಿ ಎರಡು ಫೀಲ್ಡ್ ಇಟ್ಟೆ. ಕಾಣುವ ಬಾಕ್ಸಿನಲ್ಲಿ ಹೆಸರು, ಕಣ್ಣಿಗೆ ಕಾಣದ ಹಿಡನ್ ಫೀಲ್ಡಿನಲ್ಲಿ ಆ ಕೃಷಿಕರ ಐಡಿ ನಂಬರ್. ನಾನು ಬಳಸಿದ್ದು ಜೆಕ್ವೆರಿ ಯುಐ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ. ಹಳೆಯದು, ಆದರೆ ಅಂಗಡಿಯ ಕಂಪ್ಯೂಟರ್ ಕೂಡ ಹಾಗೇ ಇದೆ. ಪಟ್ಟಿಯಲ್ಲಿ ಒಂದನ್ನು ಆರಿಸಿದರೆ ಜೆಕ್ವೆರಿ ಯುಐ ಆ ಸಾಲಿನ ವ್ಯಾಲ್ಯೂ ಅನ್ನು ಬಾಕ್ಸಿಗೆ ತುಂಬುತ್ತದೆ. ವ್ಯಾಲ್ಯೂ ಜಾಗದಲ್ಲಿ ಐಡಿ ಕಳಿಸಿದರೆ ಹೆಸರಿನ ಬದಲು ಬಾಕ್ಸಿನಲ್ಲಿ ನಂಬರ್ ಬಂದು ಕೂರುತ್ತದೆ. ಅದಕ್ಕೆ ಪಟ್ಟಿಯಲ್ಲಿ ಕಾಣುವ ಲೇಬಲ್‌ನಲ್ಲಿ ಹೆಸರು, ಮನೆ, ಊರು, ವ್ಯಾಲ್ಯೂನಲ್ಲಿ ಹೆಸರು, ಐಡಿ ಬೇರೆಯೇ.

ಇನ್ನು ನಿಜವಾದ ತೊಂದರೆ. ಕ್ಲರ್ಕ್ ಒಬ್ಬ ಶಂಕರ ಭಟ್ಟರನ್ನು ಆರಿಸುತ್ತಾರೆ. ಆಮೇಲೆ "ಅಲ್ಲ, ಇದು ಅವರ ತಮ್ಮನ ಅಡಿಕೆ" ಅಂತ ಯಾರೋ ಹೇಳುತ್ತಾರೆ. ಹೆಸರು ಅಳಿಸಿ ತಮ್ಮನ ಹೆಸರು ಟೈಪ್ ಮಾಡುತ್ತಾರೆ, ಪಟ್ಟಿಯಿಂದ ಆರಿಸುವುದಿಲ್ಲ, ಸೇವ್ ಒತ್ತುತ್ತಾರೆ. ಕಾಣುವುದು ತಮ್ಮನ ಹೆಸರು, ಹಿಡನ್ ಫೀಲ್ಡಿನಲ್ಲಿ ಇನ್ನೂ ಅಣ್ಣನ ಐಡಿ. ದುಡ್ಡು ಅಣ್ಣನ ಖಾತೆಗೆ! ಮನೆಯಲ್ಲಿ ಪಾಲಾದ ಮೇಲೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಅದಕ್ಕೆ ನಾನು ಮಾಡಿಕೊಂಡ ನಿಯಮ ಒಂದೇ. ಬಾಕ್ಸಿನಲ್ಲಿ ಒಂದು ಅಕ್ಷರ ಬದಲಾದರೂ ಐಡಿ ಖಾಲಿ ಆಗಬೇಕು. ಇನ್‌ಪುಟ್ ಈವೆಂಟ್, ಅಂದರೆ ಬಾಕ್ಸ್ ಬದಲಾಯಿತೆಂದು ಬ್ರೌಸರ್ ಕೊಡುವ ಸೂಚನೆ, ಬಂದ ಕೂಡಲೇ ಹಿಡನ್ ಫೀಲ್ಡ್ ತೊಳೆದುಬಿಡುತ್ತೇನೆ. ಪಟ್ಟಿಯಿಂದ ಆರಿಸಿದಾಗ ಮಾತ್ರ ಅದು ಮತ್ತೆ ತುಂಬುತ್ತದೆ. ತುಂಬಿದ್ದರೆ ಬಾಕ್ಸಿನ ಅಂಚು ಹಸಿರು, ಕೆಳಗೆ ಮನೆ ಹೆಸರು. ಇಲ್ಲದಿದ್ದರೆ ಸೇವ್ ಆಗುವುದಿಲ್ಲ.

"ಟ್ಯಾಬ್ ಒತ್ತಿದರೆ ಮೊದಲನೆಯದ್ದೇ ಕೂರುವ ಹಾಗೆ ಮಾಡಿ ಮಾರಾಯ್ರೆ, ಕೈ ಬೇಗ ಓಡ್ತದೆ" ಅಂದರು ಕ್ಲರ್ಕ್. ಜೆಕ್ವೆರಿ ಯುಐಯ ಆಟೊಫೋಕಸ್ ಎಂಬ ಆಯ್ಕೆ ಆನ್ ಮಾಡಿದರೆ ಆಗುತ್ತದೆ. ನಾನು ಮಾಡಲಿಲ್ಲ. ಊರಿನ ಹೆಸರಿಗಾದರೆ ಸರಿ, ದುಡ್ಡು ಹೋಗುವ ಹೆಸರಿಗೆ ಬೇಡ. ಹಾಗೆಯೇ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ತಾನಾಗಿ ಹೊಸ ಖಾತೆ ತೆರೆಯುವುದನ್ನೂ ಬಿಟ್ಟೆ. ಪಟ್ಟಿಯ ಕೊನೆಯಲ್ಲಿ "ಹೊಸ ಕೃಷಿಕರು" ಅಂತ ಒಂದು ಸಾಲು ಇದೆ, ಬೇಕಾದವರು ಅದನ್ನೇ ಒತ್ತಬೇಕು.

ಸರ್ವರ್ ಕಡೆ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್. ಅದರ ಡೇಟಾಬೇಸ್ ಭಾಗವಾದ ಸ್ಪ್ರಿಂಗ್ ಡೇಟಾ ಇದ್ದರೆ ಬಂದ ಐಡಿಯನ್ನು ತಾನೇ ಆಬ್ಜೆಕ್ಟ್ ಮಾಡಿ ಕೈಗೆ ಕೊಡುತ್ತದೆ, ಅದಕ್ಕೆ ಬೇರೆ ಕನ್ವರ್ಟರ್ ಬರೆಯಬೇಕಾಗಿಲ್ಲ. ಆದರೆ ಅದು ಯಾವ ಐಡಿ ಕೊಟ್ಟರೂ ತಂದುಕೊಡುತ್ತದೆ. ಪೆರ್ಲದ ಶಾಖೆಯವರು ಮುಳ್ಳೇರಿಯ ಶಾಖೆಯ ಕೃಷಿಕರ ಐಡಿ ಕಳಿಸಿದರೆ ತಡೆಯುವುದು ನಮ್ಮ ಕೆಲಸ. ಫಾರಂ ತಪ್ಪಾಗಿ ವಾಪಸ್ ಬಂದಾಗಲೂ ಬಾಕ್ಸಿಗೆ ಹೆಸರು ತುಂಬುವುದು ಆಬ್ಜೆಕ್ಟಿನಿಂದ, ಬ್ರೌಸರ್ ಕಳಿಸಿದ ಅಕ್ಷರದಿಂದ ಅಲ್ಲ.

ಇನ್ನೊಂದು ಇದೆ, ಇದನ್ನು ಮೊದಲೇ ಯೋಚಿಸಿದರೆ ಒಳ್ಳೆಯದು. ತೀರಿಕೊಂಡವರ ಖಾತೆ ಹುಡುಕುವ ಪಟ್ಟಿಯಲ್ಲಿ ಬರಬಾರದು. ಆದರೆ ಅವರ ಹಳೆ ಬಿಲ್ಲು ತೆರೆದರೆ ಹೆಸರು ಕಾಣಲೇಬೇಕು. ಹುಡುಕುವ ಕ್ವೆರಿಯ ಫಿಲ್ಟರನ್ನೇ ಐಡಿಯಿಂದ ಆಬ್ಜೆಕ್ಟ್ ತರುವ ಕಡೆಯೂ ಹಾಕಿದರೆ ಹಳೆ ಬಿಲ್ಲಿನಲ್ಲಿ ಬಾಕ್ಸ್ ಖಾಲಿ. ಸುಮ್ನೆ ದಿನಾಂಕ ತಿದ್ದಲು ಹೋದವರಿಗೂ ಸೇವ್ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಬರೆಯಿರಿ.

ಹುಡುಕುವ ಜಾಗದಲ್ಲಿ ಕನ್ನಡದ್ದೇ ಕಿರಿಕಿರಿ ಇದೆ. "ಗೋವಿಂದ"ದ ಓ ಸ್ವರದ ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಮಾಡಿದರೆ, ಅಂದರೆ ತುಂಡುಗಳನ್ನು ಒಂದೇ ಚಿಹ್ನೆಗೆ ತಂದರೆ, ಇದು ಸರಿಯಾಗುತ್ತದೆ. ರಾಜ್‌ಕುಮಾರ್‌ನಂಥ ಹೆಸರಿನ ನಡುವೆ ಕೂತಿರುವ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಮಾತ್ರ ಎನ್‌ಎಫ್‌ಸಿ ಮಾಡಿದರೂ ಹೋಗುವುದಿಲ್ಲ, ಅದನ್ನು ಹುಡುಕುವ ಕಾಲಂನಿಂದ ನಾವೇ ತೆಗೆಯಬೇಕು. ದಾಖಲೆಗಳು ಮಲಯಾಳಂ, ಇಂಗ್ಲಿಷಿನಲ್ಲಿ ಇರುವುದರಿಂದ ಕುಂಬಳೆ, ಕುಂಬಳ, ಮಂಜೇಶ್ವರ, ಮಂಜೇಶ್ವರಂ ಎಲ್ಲವನ್ನೂ ಅಡ್ಡಹೆಸರಾಗಿ ಸೇರಿಸಿದೆ. ಯಾವುದರಿಂದ ಹುಡುಕಿದರೂ ಐಡಿ ಒಂದೇ.

ನೆಟ್ ನಿಧಾನ ಇರುವ ಕಡೆ "ಶಂ"ಗೆ ಬಂದ ಉತ್ತರ "ಶಂಕರ"ದ ಉತ್ತರದ ಮೇಲೆ ಬಂದು ಕೂರಬಹುದು. ಜೆಕ್ವೆರಿ ಯುಐ ಅದನ್ನು ತಾನೇ ನೋಡಿಕೊಳ್ಳುತ್ತದೆ. ಸ್ವಂತ ಬರೆಯುವವರು ಹಳೆ ಕೋರಿಕೆ ರದ್ದು ಮಾಡಲು ಬ್ರೌಸರಿನ ಅಬಾರ್ಟ್‌ಕಂಟ್ರೋಲರ್ ಬಳಸಿ.

ಅಡಿಕೆಯ ತರಕ್ಕೂ ಆಟೊಕಂಪ್ಲೀಟ್ ಹಾಕಿ ಅಂದರು. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಬೆರಳಲ್ಲಿ ಎಣಿಸುವಷ್ಟು. ಅಲ್ಲಿ ಮಾಮೂಲಿ ಡ್ರಾಪ್‌ಡೌನ್ ಇಟ್ಟೆ.