ಕಡಿಮೆ ಖರ್ಚಿನಲ್ಲಿ ಮಾನಸಿಕ ಚಿಕಿತ್ಸೆ: ಮೈಸೂರು, ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಏನು ಮಾಡಬೇಕು

ಖಾಸಗಿ ಕೌನ್ಸೆಲಿಂಗಿಗೆ ವಾರವಾರ ದುಡ್ಡು ಹೊಂದಿಸಲಾಗದೆ ಅರ್ಧಕ್ಕೇ ಬಿಡುವವರು ಬಹಳ ಮಂದಿ. ಅಂಥವರಿಗೆ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ ಒಳ್ಳೆಯ ದಾರಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಜೆ.ಎಸ್.ಎಸ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ), ಮೂರರಲ್ಲೂ ಈ ವಿಭಾಗವಿದೆ. ಕೆ.ಆರ್. ಮತ್ತು ಮಿಮ್ಸ್ ಸರ್ಕಾರದವು. ಜೆ.ಎಸ್.ಎಸ್. ಖಾಸಗಿ, ಆದ್ದರಿಂದ ಒಪಿಡಿಗೆ (ಹೊರರೋಗಿ ವಿಭಾಗ) ಎಷ್ಟು, ಒಂದು ಸೆಷನ್ನಿಗೆ ಎಷ್ಟು ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಮಗುವಿಗೆ ಮಾತು ತಡವಾಗಿದ್ದರೆ, ಓದು-ಬರಹದಲ್ಲಿ ಹಿಂದೆ ಬಿದ್ದಿದ್ದರೆ, ಬುದ್ಧಿಮಟ್ಟದ ಪರೀಕ್ಷೆ ಬೇಕಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ (ಆಯಿಷ್) ಹೋಗಿ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೇ ಇದೆ.

ಇಲ್ಲಿ ನಿಮ್ಮನ್ನು ಮೊದಲು ಮಾತನಾಡಿಸುವವರು ಕಲಿಯುತ್ತಿರುವವರು. ‘ಕಲಿಯೋರ ಕೈಗೆ ನಾವ್ಯಾಕೆ ಸಿಗಬೇಕು’ ಎಂಬ ಅಳುಕು ಸಹಜ, ಆದರೆ ಪಿಜಿ ಎಂದರೆ ಎಂಬಿಬಿಎಸ್ ಮುಗಿಸಿ 3 ವರ್ಷದ ಎಂ.ಡಿ. ಮಾಡುತ್ತಿರುವ ಡಾಕ್ಟರು. ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್‌ನವರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಮತ್ತೆ 2 ವರ್ಷ ತರಬೇತಿಯಲ್ಲಿರುವವರು. ಇಬ್ಬರೂ ನಿಮ್ಮ ವಿಷಯವನ್ನು ಬರೆದುಕೊಂಡು ಹಿರಿಯರ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಹೊಸ ರೋಗಿಯ ಪೂರ್ವಾಪರ ಕೇಳಲು ಪಿಜಿ ಮುಕ್ಕಾಲು ಗಂಟೆ ಕೂರುವುದುಂಟು. ದುಡ್ಡು ಕೊಟ್ಟರೂ ಅಷ್ಟು ಹೊತ್ತು ಸಿಗುವುದು ಕಷ್ಟ.

ಯಾವ ಆಸ್ಪತ್ರೆ ಎನ್ನುವುದಕ್ಕಿಂತ ಎರಡರಿಂದ ನಾಲ್ಕು ವಾರಕ್ಕೊಮ್ಮೆ ತಪ್ಪದೆ ಎಲ್ಲಿಗೆ ಹೋಗಿಬರಬಲ್ಲಿರಿ ಎಂಬುದನ್ನು ನೋಡಿ. ಊರವರ ಕಣ್ಣಿಗೆ ಬೀಳಬಾರದೆಂದು ಮದ್ದೂರು, ಮಳವಳ್ಳಿ ಕಡೆಯಿಂದ ಮೈಸೂರಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಮೂರನೇ ಸಲಕ್ಕೆ ಬರುವುದೇ ನಿಲ್ಲುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯಬಹುದು, ದಿನ ಉಳಿಯುವುದಿಲ್ಲ.

ಮೊದಲ ದಿನ ಬೆಳಿಗ್ಗೆ 9ರೊಳಗೆ ಚೀಟಿ ಸಾಲಿನಲ್ಲಿರಿ. ಸೋಮವಾರ ಮತ್ತು ರಜೆಯ ಮರುದಿನ ನೂಕುನುಗ್ಗಲು. ಆಧಾರ್, ಬಿಪಿಎಲ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಗಳು (ಶುಗರ್, ಬಿಪಿ, ಥೈರಾಯ್ಡಿನದೂ ಸೇರಿ) ಜೊತೆಗಿರಲಿ. ಕೌಂಟರಿನಲ್ಲಿ ‘ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ’ ಎಂದರೆ ಮೆಡಿಸಿನ್ ವಿಭಾಗಕ್ಕೆ ಚೀಟಿ ಬರೆಯುತ್ತಾರೆ, ಇಸಿಜಿಯಲ್ಲೇ ಅರ್ಧ ದಿನ ಕಳೆಯುತ್ತದೆ. ಎದೆನೋವು ಹೊಸದಾಗಿದ್ದರೆ ಅದು ಸರಿಯೇ. ಮೊದಲೇ ಎಲ್ಲ ತೋರಿಸಿ ಏನೂ ಇಲ್ಲವೆಂದಿದ್ದರೆ ‘ಸೈಕಿಯಾಟ್ರಿಗೆ ಚೀಟಿ ಕೊಡಿ’ ಎಂದು ನೇರವಾಗಿ ಕೇಳಿ.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ತೊಂದರೆ ಯಾವಾಗಿನಿಂದ, ನಿದ್ದೆ ಎಷ್ಟು ಗಂಟೆ, ಊಟ ಹೇಗೆ, ಕುಡಿತ-ತಂಬಾಕು ಎಷ್ಟು, ಮನೆತನದಲ್ಲಿ ಯಾರಿಗಾದರೂ ಇತ್ತೇ. ಕುಡಿತವನ್ನು ಕಡಿಮೆ ಹೇಳಬೇಡಿ, ಮಾತ್ರೆಯ ಲೆಕ್ಕವೇ ತಪ್ಪುತ್ತದೆ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿನ ಯೋಚನೆಯಿದ್ದರೆ ಮೊದಲೇ ತಿಳಿಸಿ. ಮನೆಯವರ ಎದುರು ಹೇಳಲಾಗದ್ದು ಇದ್ದರೆ ‘ಐದು ನಿಮಿಷ ಒಬ್ಬರೇ ಮಾತಾಡಬೇಕು’ ಎನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ನಿಮ್ಮ ಹಕ್ಕಾಗಿಸಿದೆ. ಸೆಷನ್ ರೆಕಾರ್ಡ್ ಮಾಡಬೇಕಾದರೂ, ವಿದ್ಯಾರ್ಥಿಗಳ ಮುಂದೆ ನಿಮ್ಮನ್ನು ಕೂರಿಸಬೇಕಾದರೂ ಮೊದಲು ನಿಮ್ಮನ್ನು ಕೇಳಬೇಕು. ಒಲ್ಲೆ ಎಂದರೆ ಚಿಕಿತ್ಸೆ ಕಡಿಮೆಯಾಗುವಂತಿಲ್ಲ.

ಬಹಳ ಜನ ಎಡವುವುದು ಇಲ್ಲಿ: ಮಾತಾಡಿ ಹಗುರಾಗಬೇಕೆಂದು ಬಂದಿರುತ್ತಾರೆ, ಕೈಗೆ ಮಾತ್ರೆಯ ಚೀಟಿ ಸಿಗುತ್ತದೆ, ಬೇಜಾರಾಗಿ ಮತ್ತೆ ಬರುವುದಿಲ್ಲ. ಮನೋವೈದ್ಯರು ಕಾಯಿಲೆ ಗುರುತಿಸಿ ಔಷಧ ಕೊಡುವವರು, ವಾರವಾರ ಕೂತು ಮಾತಿನ ಚಿಕಿತ್ಸೆ ಮಾಡುವವರು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್. ‘ನನಗೆ ಥೆರಪಿ ಬೇಕು, ಸೈಕಾಲಜಿಗೆ ಬರೆದುಕೊಡಿ’ ಎಂದು ಕೇಳಲೇಬೇಕು. ಸೆಷನ್ ಸಾಮಾನ್ಯವಾಗಿ 45-50 ನಿಮಿಷ, ಆತಂಕ-ಖಿನ್ನತೆಗೆ ಸಿಬಿಟಿಯಾದರೆ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) 12ರಿಂದ 16 ಸೆಷನ್.

ಈಗ ಚೀಟಿಯ ಮೇಲ್ಭಾಗ ನೋಡಿ. ಯೂನಿಟ್ (ನಿಮ್ಮನ್ನು ನೋಡುವ ಡಾಕ್ಟರ ತಂಡ) ಮತ್ತು ಅದು ಕೂರುವ ವಾರದ ದಿನ ಬರೆದಿರದಿದ್ದರೆ ಅಲ್ಲೇ ಕೇಳಿ ಬರೆಸಿ. ಅದೇ ದಿನ ಬಂದರೆ ನಿಮ್ಮನ್ನು ಬಲ್ಲವರೇ ಸಿಗುತ್ತಾರೆ. ಬೇರೆ ದಿನ ಬಂದರೆ ಹೊಸಬರಿಗೆ ಎಲ್ಲವನ್ನೂ ಮೊದಲಿಂದ ಒಪ್ಪಿಸಬೇಕಾಗುತ್ತದೆ. ಕಲಿಯುವವರು ವಿಭಾಗ ಬದಲಿಸುತ್ತಾರೆ, ಪರೀಕ್ಷೆಗೆ ರಜೆ ಹಾಕುತ್ತಾರೆ, ಕೋರ್ಸ್ ಮುಗಿಸಿ ಹೊರಟುಬಿಡುತ್ತಾರೆ. ನಂಬಿ ಮನಸ್ಸು ಬಿಚ್ಚಿದವರಿಗೆ ಇದು ನಿಜವಾಗಿ ನೋವು ಕೊಡುವ ವಿಷಯ. ಆದ್ದರಿಂದ ಮೊದಲ ಸೆಷನ್ನಿನಲ್ಲೇ ‘ನೀವು ಇಲ್ಲಿ ಎಲ್ಲಿಯತನಕ ಇರ್ತೀರಿ’ ಎಂದು ಕೇಳಿ. ಅವರು ಹೊರಡುವ ಮುನ್ನ ಮುಂದಿನವರನ್ನು ಜೊತೆಗೆ ಕೂರಿಸಿಕೊಂಡು ಒಂದು ಸೆಷನ್ ಮಾಡಿಸಿಕೊಳ್ಳಿ, ಈವರೆಗೆ ಏನೇನಾಯಿತೆಂದು ಫೈಲಿನಲ್ಲಿ ಬರೆಸಿ.

ಸುಧಾರಿಸುತ್ತಿದೆಯೇ ಎಂದು ತಿಳಿಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೇಳಿ ತುಂಬಿ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಕೊಡಬೇಕಾದ ಖಿನ್ನತೆ. ತಿಂಗಳಿಗೊಮ್ಮೆ ತುಂಬಿದರೆ 18 ಇದ್ದದ್ದು 11ಕ್ಕೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಅಲ್ಲದ ಉತ್ತರವಿದ್ದರೆ ಮುಚ್ಚಿಡದೆ ಅವತ್ತೇ ಹೇಳಿ. ಅಂಥ ಯೋಚನೆ ರಾತ್ರಿ ಬಂದರೆ ಒಪಿಡಿಗೆ ಕಾಯಬೇಡಿ: ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಂಡರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ನೇರ ಎಮರ್ಜೆನ್ಸಿಗೆ ಹೋಗಿ.

ಮಾತ್ರೆಯ ವಿಷಯಕ್ಕೆ ಬಂದರೆ, ಖಿನ್ನತೆ-ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥವು ಕೆಲಸ ತೋರಿಸಲು 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರವೇ ಬರುತ್ತವೆ. ಹತ್ತನೇ ದಿನಕ್ಕೆ ಬಿಟ್ಟವರಿಗೆ ಸಿಕ್ಕಿದ್ದು ಬರೀ ತೊಂದರೆ. ಆಸ್ಪತ್ರೆಯಲ್ಲಿ ಔಷಧ ಸಿಗದಿದ್ದರೆ ಮೂಲ ಔಷಧದ (ಜೆನೆರಿಕ್) ಹೆಸರನ್ನು ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋಗಿ. ನಿದ್ದೆಗೆಂದು ಕೊಟ್ಟ ಕ್ಲೋನಜೆಪಾಮ್ ಎಷ್ಟು ದಿನಕ್ಕೆ ಎಂದು ಕೇಳಿಕೊಳ್ಳಿ, ಅಂಗಡಿಯಿಂದ ನೀವೇ ಮುಂದುವರಿಸಿದರೆ ಅಭ್ಯಾಸವಾಗಿಬಿಡುತ್ತದೆ.

ಹುಷಾರಾದ ಮೇಲೂ, ಮೊದಲ ಸಲದ ಖಿನ್ನತೆಗೆ ಸಾಮಾನ್ಯವಾಗಿ 6ರಿಂದ 9 ತಿಂಗಳು ಮಾತ್ರೆ ಮುಂದುವರಿಸಿ ನಿಧಾನಕ್ಕೆ ಇಳಿಸುತ್ತಾರೆ. ಅಷ್ಟು ದಿನ ಊರು ಬಿಟ್ಟು ಬರುವುದು ಕಷ್ಟವಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನ, ಸಾಮಾನ್ಯವಾಗಿ ಮಂಗಳವಾರ, ವಿಚಾರಿಸಿಕೊಂಡು ಮಾತ್ರೆಯನ್ನು ಅಲ್ಲಿಂದಲೇ ಪಡೆಯಿರಿ. ದೊಡ್ಡಾಸ್ಪತ್ರೆಯ ಫೈಲಿನ ಜೆರಾಕ್ಸ್ ಕೈಯಲ್ಲಿರಲಿ.