ದುಡ್ಡಿಲ್ಲದ ಚೀಟಿ: ಹತ್ತು ಜನ ಸೇರಿ ಹತ್ತು ಕೌದಿ ಹೊಲಿಯೋದು ಹೇಗೆ

ಚೀಟಿ ಅಂದ್ರೆ ಏನು ಅಂತ ಹಾಸನದ ಹೆಂಗಸರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ತಿಂಗಳಿಗೊಂದ್ಸಲ ಎಲ್ಲರೂ ಇಷ್ಟು ಅಂತ ಹಾಕೋದು, ಹೆಸರು ಬರೆದ ಚೀಟಿನ ಡಬ್ಬಿಗೆ ಹಾಕಿ ಕುಲುಕಿ ಯಾವುದಾದ್ರೂ ಮಗು ಕೈಲಿ ಎತ್ತಿಸೋದು, ಬಂದವರು ಗಂಟು ತಗೊಂಡು ಹೋಗೋದು. ಸಾಲಗಾಮೆ ರಸ್ತೆ ಕಡೆ ನಾವು ಹತ್ತು ಜನ ಎರಡು ವರ್ಷದಿಂದ ಅದನ್ನೇ ಮಾಡ್ತಿದೀವಿ, ದುಡ್ಡಿನ ಬದಲು ಬಟ್ಟೆ ಹಾಕ್ತೀವಿ ಅಷ್ಟೇ. ಒಬ್ಬೊಬ್ಬರು ತಿಂಗಳಿಗೆ ಒಂದೇ ಅಳತೆಯ ಎರಡು ಬ್ಲಾಕ್, ಅಂದ್ರೆ ಬಟ್ಟೆ ತುಂಡು ಜೋಡಿಸಿ ಮಾಡಿದ ಚೌಕ, ಹೊಲ್ಕೊಂಡು ಬರಬೇಕು, ಹತ್ತು ಜನಕ್ಕೆ ಇಪ್ಪತ್ತಾಯ್ತು, ಅಡ್ಡಕ್ಕೆ ನಾಲ್ಕು ಉದ್ದಕ್ಕೆ ಐದು ಜೋಡಿಸಿದ್ರೆ ಒಂದು ಕೌದಿಯ ಮೇಲ್ಭಾಗ. ಯಾರ ಹೆಸರು ಬಂತೋ ಇಪ್ಪತ್ತೂ ಅವರ ಮನೆಗೆ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದ್ರೆ ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಹತ್ತು ಚೀಟಿನೂ ಮುಗಿದು, ಚಳಿ ಬೀಳೋಕೆ ಮುಂಚೆ ಎಲ್ಲರ ಮನೇಲೂ ಒಂದೊಂದು ಕೌದಿ ಇರುತ್ತೆ.

ಅಮೆರಿಕ, ಇಂಗ್ಲೆಂಡ್ ಕಡೆ ಕೌದಿ ಹೊಲಿಯೋರು ಸೇರಿ ಕಟ್ಟಿಕೊಂಡಿರೋ ಗುಂಪಿಗೆ ಗಿಲ್ಡ್ ಅಂತಾರೆ, ಅಲ್ಲೂ ಬ್ಲಾಕ್ ಲಾಟರಿ ಅಂತ ಇದೇ ಥರದ್ದು ನಡೀತದೆ. ನಾವು ಸಂಘ ಅಂತೀವಿ, ಆದ್ರೆ ಇದಕ್ಕೆ ಬ್ಯಾಂಕ್ ಅಕೌಂಟೂ ಇಲ್ಲ ಅಧ್ಯಕ್ಷರೂ ಇಲ್ಲ.

ಕೂತು ಲೆಕ್ಕ ಹಾಕಿದ್ರೆ ಇದರಲ್ಲಿ ಲಾಭ ಏನೂ ಇಲ್ಲ ಕಣ್ರೀ. ಹತ್ತು ತಿಂಗಳು ಎರಡೆರಡು ಅಂದ್ರೆ ಇಪ್ಪತ್ತು ಬ್ಲಾಕ್, ಒಬ್ಬಳೇ ಕೂತು ನನ್ನ ಕೌದಿ ಹೊಲಿದಿದ್ರೂ ಇಪ್ಪತ್ತೇ ಆಗೋದು. ಆದ್ರೆ ಒಬ್ಬಳೇ ಹೊಲಿದಿದ್ರೆ ಆರನೇ ಬ್ಲಾಕಿಗೆ ಬೇಜಾರಾಗಿ ಗಂಟು ಕಟ್ಟಿ ಅಟ್ಟಕ್ಕೆ ಹಾಕ್ತಿದ್ದೆ, ಅಟ್ಟದ ಮೇಲೆ ಅಂಥ ಒಂದು ಗಂಟು ಈಗ್ಲೂ ಇದೆ.

ಮೊದಲು ಬಟ್ಟೆ

ಹತ್ತಿ ಬಟ್ಟೆ ಮಾತ್ರ ತಗೊಳ್ಳಿ. ಹಳೇ ಕಾಟನ್ ಸೀರೆ, ನೈಟಿ, ಲುಂಗಿ, ಟೈಲರ್ ಅಂಗಡಿಲಿ ಮೂಟೆ ಕಟ್ಟಿಟ್ಟಿರೋ ಚೂರು ಬಟ್ಟೆ, ಎಲ್ಲಾ ನಡೆಯುತ್ತೆ. ಹತ್ತಿ ಹೌದೋ ಅಲ್ವೋ ಅಂತ ಡೌಟ್ ಬಂದ್ರೆ ಒಂದೆಳೆ ದಾರ ಕಿತ್ತು ಸಿಂಕ್ ಮೇಲೆ ಹಿಡಿದು ಸುಟ್ಟು ನೋಡಿ, ಕಾಗದ ಸುಟ್ಟ ವಾಸನೆ ಬಂದು ಮೆತ್ತಗೆ ಬೂದಿ ಆದ್ರೆ ಹತ್ತಿ, ಕರಗಿ ಗಟ್ಟಿ ಮಣಿ ಥರ ಆದ್ರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಕೆಟ್ಟದ್ದು ಅಂತಲ್ಲ, ಹತ್ತಿ ಪಕ್ಕ ಹಾಕಿ ಹೊಲಿದ್ರೆ ಇಸ್ತ್ರಿಗೆ ಒಂದು ಕೂರುತ್ತೆ ಇನ್ನೊಂದು ಕೂರಲ್ಲ, ಎರಡು ಸಲ ಒಗೆದ ಮೇಲೆ ಹತ್ತಿ ತುಂಡು ಕುಗ್ಗಿ ಪಕ್ಕದ್ದು ಹಪ್ಪಳದ ಥರ ಏಳುತ್ತೆ.

ಹೊಸ ಬಟ್ಟೆ ಆದ್ರೆ ಕತ್ತರಿ ಹಾಕೋಕೆ ಮುಂಚೆ ಒಗೆಯಲೇಬೇಕು. ಕೆಂಪು, ಮೆರೂನ್, ಕಡುನೀಲಿ ಬಗ್ಗೆ ಹುಷಾರು. ಒದ್ದೆ ತುಂಡನ್ನ ಬಿಳಿ ಕರ್ಚೀಫ್ ಮೇಲಿಟ್ಟು ಇಸ್ತ್ರಿ ಒತ್ತಿ, ಕರ್ಚೀಫಿಗೆ ಬಣ್ಣ ಹತ್ತಿದ್ರೆ ಆ ಬಟ್ಟೆ ಬೇಡ. ಉಪ್ಪು ನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರ ಮನೇಲೂ ಹೇಳ್ತಾರೆ, ಅಂಗಡಿಯಿಂದ ಬಂದ ಬಣ್ಣದ ಬಟ್ಟೆಗೆ ಅದು ಕೆಲಸ ಮಾಡಲ್ಲ.

ಒಂದೇ ಸ್ಕೇಲು, ಒಂದೇ ಕಾಲಿಂಚು

ಇಡೀ ಲೇಖನದಲ್ಲಿ ಇದೊಂದನ್ನ ಓದಿದ್ರೂ ಸಾಕು. ಮೊದಲನೇ ವರ್ಷ ಮೊದಲನೇ ಚೀಟಿ ನನಗೇ ಬಂತು, ಇಪ್ಪತ್ತು ಬ್ಲಾಕ್ ತಗೊಂಡು ಖುಷಿಯಾಗಿ ಮನೆಗೆ ಬಂದು ಮಂಚದ ಮೇಲೆ ಹರಡಿದೆ. ಹನ್ನೆರಡೂವರೆ ಇಂಚು ಅಂತ ಮಾತಾಗಿತ್ತು, ಒಬ್ಬರದು ಹನ್ನೊಂದೂ ಮುಕ್ಕಾಲು, ಒಬ್ಬರದು ಹದಿಮೂರು, ಇನ್ನೊಬ್ಬರದು ಒಂದು ಕಡೆ ಹನ್ನೆರಡು ಮತ್ತೊಂದು ಕಡೆ ಹನ್ನೆರಡೂವರೆ. ಯಾರನ್ನೂ ಬೈಯೋ ಹಾಗಿಲ್ಲ, ಒಬ್ಬೊಬ್ಬರ ಮನೆ ಟೇಪು ಎಳೆದೆಳೆದು ಒಂದೊಂದು ಥರ ಆಗಿತ್ತು, ಕಾಲಿಂಚು ಬಿಡಬೇಕಾದ ಹೊಲಿಗೆ ಅಂಚಿಗೆ ಕೆಲವರು ಅರ್ಧ ಇಂಚು ಬಿಟ್ಟಿದ್ರು, ಕೆಲವರು ಮಿಷಿನ್ ಪಾದದ ಅಂಚೇ ಕಾಲಿಂಚು ಅಂತ ನಂಬಿ ಹೊಲಿದಿದ್ರು. ನಮ್ಮ ಗುಂಪಲ್ಲಿ ದೊಡ್ಡವರು ಒಬ್ಬರಿದ್ದಾರೆ, ಅರಕಲಗೂಡು ಕಡೆಯವರು, ನೋಡಿ ನಕ್ಕುಬಿಟ್ಟು “ಬುಡು ಕಣವ್ವ, ಎಳ್ದು ಒಲ್ಕೊ, ಒದ್ಕೊಂಡ್ ಮಲಗ್ದಾಗ ಯಾರ್ ನೋಡ್ತಾರೆ” ಅಂದ್ರು. ಎಳೆದು ಹೊಲಿದೆ. ಇಡೀ ಕೌದಿ ಗಾಳಿ ತುಂಬಿದ ಪೂರಿ ಥರ ಅಲ್ಲಲ್ಲಿ ಉಬ್ಬಿಕೊಂಡಿದೆ.

ತಪ್ಪು ಹೇಗೆ ಬೆಳೆಯುತ್ತೆ ನೋಡಿ. ಕಾಲಿಂಚು ಬಿಡೋ ಕಡೆ ಒಂದಿಂಚಿನ ಹದಿನಾರನೇ ಒಂದು ಭಾಗ ಮಾತ್ರ ಜಾಸ್ತಿ ಬಿಟ್ಟಿದೀರಿ ಅಂದ್ಕೊಳ್ಳಿ, ಒಂದೂವರೆ ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ ಅಷ್ಟೇ. ಹೊಲಿಗೆಯ ಎರಡೂ ಪಕ್ಕ ಅಷ್ಟಷ್ಟು ಹೋಗೋದರಿಂದ ಒಂದು ಹೊಲಿಗೆಗೆ ಕಾಲಿಂಚಿನ ಅರ್ಧದಷ್ಟು ನಷ್ಟ. ಬ್ಲಾಕಲ್ಲಿ ಅಡ್ಡಕ್ಕೆ ಎರಡು ಹೊಲಿಗೆ ಇದ್ರೆ ಕಾಲಿಂಚು, ಅಂಥ ನಾಲ್ಕು ಬ್ಲಾಕ್ ಸಾಲಿಗೆ ಬಂದ್ರೆ ಪೂರ್ತಿ ಒಂದಿಂಚು ಕಮ್ಮಿ.

ಅದಕ್ಕೆ ಈಗ ನಾವು ಮಾಡೋದು ಇಷ್ಟು. ಹತ್ತೂ ಜನಕ್ಕೆ ಒಂದೇ ಅಂಗಡಿಯಿಂದ ಒಂದೇ ಥರದ ಸ್ಟೀಲ್ ಸ್ಕೇಲು, ಟೇಪು ಬಂದ್. ಮಿಷಿನ್ ಸೂಜಿ ಬೀಳೋ ಜಾಗದಿಂದ ಬಲಕ್ಕೆ ಸ್ಕೇಲಿಟ್ಟು ಕಾಲಿಂಚು ಅಳೆದು, ಅಲ್ಲಿ ಪ್ಲೇಟ್ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿ, ಬಟ್ಟೆ ಅಂಚು ಅದಕ್ಕೆ ತಾಗಿಕೊಂಡೇ ಹೋಗಬೇಕು. ಮೂರಿಂಚು ಉದ್ದದ, ಒಂದೂವರೆ ಇಂಚು ಅಗಲದ ಎರಡು ಪಟ್ಟಿ ಸೇರಿಸಿ ಹೊಲಿದು ಇಸ್ತ್ರಿ ಹಾಕಿ ಅಳೆಯಿರಿ, ಅಗಲ ಸರಿಯಾಗಿ ಎರಡೂವರೆ ಬಂದ್ರೆ ನಿಮ್ಮ ಕಾಲಿಂಚು ಕಾಲಿಂಚೇ. ಚೀಟಿ ಎತ್ತೋ ದಿನ ಹನ್ನೆರಡೂವರೆ ಇಂಚಿನ ರಟ್ಟಿನ ಚೌಕ ಒಂದು ಇಟ್ಕೊಂಡು ಎಲ್ಲರ ಬ್ಲಾಕನ್ನೂ ಅದರ ಮೇಲಿಟ್ಟು ನೋಡ್ತೀವಿ. ಹೊಂದದೇ ಇದ್ದಿದ್ದು ವಾಪಸ್. ವಾಪಸ್ ಕೊಡೋ ಕೆಲಸಕ್ಕೆ ಸ್ವಲ್ಪ ಬಾಯಿ ಜೋರಿರೋರನ್ನ ಹಾಕಿ, ಸಂಕೋಚದವರ ಕೈಲಿ ಆಗಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಅಂತ ಶುರುವಾದ ಕೌದಿ ಒಂದಿದೆ. ಅದೇ ವರ್ಷ ಅಕ್ಟೋಬರಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ 1,920 ತುಂಡುಗಳಿದ್ದವು, ಎಲ್ಲೆಲ್ಲಿಯವರೋ, ಒಬ್ಬರ ಮುಖ ಒಬ್ಬರು ನೋಡದವರು ಹೊಲಿದಿದ್ದು. ಬಟ್ಟೆ ಯಾವುದಾದ್ರೂ ಆಗಲಿ, ಅಳತೆ ಮಾತ್ರ ಮೂರಡಿಗೆ ಆರಡಿ. ಎಂಟು ಸೇರಿಸಿದ್ರೆ ಹನ್ನೆರಡಡಿಯ ಚೌಕ ಸರಿಯಾಗಿ ಕೂರುತ್ತೆ.

ಬ್ಲಾಕ್: ಮಂಜರಾಬಾದ್ ಕೋಟೆ

ಸಕಲೇಶಪುರದ ಹತ್ತಿರ ಟಿಪ್ಪು ಕಟ್ಟಿಸಿದ, 1792ರಲ್ಲಿ ಮುಗಿದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ, ಮೇಲಿಂದ ತೆಗೆದ ಫೋಟೋ ಎಲ್ಲರೂ ನೋಡಿರ್ತೀರಿ. ವಿದೇಶದಲ್ಲಿ ಸಾಟೂತ್ ಸ್ಟಾರ್ ಅಂತ ಕರೆಯೋ ಹಳೇ ಬ್ಲಾಕ್‌ಗೂ ಎಂಟೇ ಮೂಲೆ, ಹಾಗಾಗಿ ನಮ್ಮಲ್ಲಿ ಅದರ ಹೆಸರು ಕೋಟೆ ಬ್ಲಾಕ್. ಹೊಸಬರಿಗೂ ಒಂದು ಮಧ್ಯಾಹ್ನದಲ್ಲಿ ಬರುತ್ತೆ.

ಒಂದು ಬ್ಲಾಕಿಗೆ ನಕ್ಷತ್ರದ ಬಣ್ಣದಲ್ಲಿ ಆರೂವರೆ ಇಂಚಿನ ಚೌಕ ಒಂದು, ಮೂರೂವರೆ ಇಂಚಿನ ಚೌಕ ಎಂಟು. ಹಿನ್ನೆಲೆ ಬಣ್ಣದಲ್ಲಿ ಮೂರೂವರೆಗೆ ಆರೂವರೆ ಇಂಚಿನ ಪಟ್ಟಿ ನಾಲ್ಕು, ಮೂರೂವರೆ ಇಂಚಿನ ಚೌಕ ನಾಲ್ಕು. ಹಿನ್ನೆಲೆಗೆ ಹತ್ತೂ ಜನ ಒಂದೇ ಬಟ್ಟೆ ತಗೊಳ್ಳೋದು ಒಳ್ಳೇದು, ನಾವು ಬಿಳಿ ಪಂಚೆ ಬಟ್ಟೆ ತಗೊಂಡ್ವಿ. ನಕ್ಷತ್ರ ಅವರವರಿಗೆ ಬಿಟ್ಟಿದ್ದು.

ಹಿನ್ನೆಲೆ ಪಟ್ಟಿಯನ್ನ ಸೀದಾ ಮಾಡಿ ಇಡಿ. ಅದರ ಒಂದು ತುದಿಗೆ ನಕ್ಷತ್ರದ ಚಿಕ್ಕ ಚೌಕ ಉಲ್ಟಾ ಮಾಡಿ ಕೂರಿಸಿ, ಚೌಕದ ಮೂಲೆಯಿಂದ ಮೂಲೆಗೆ, ಪಟ್ಟಿಯ ಮೇಲಂಚಿನ ಮಧ್ಯದಿಂದ ಕೆಳಗಿನ ಹೊರಮೂಲೆಗೆ, ಪೆನ್ಸಿಲ್ ಗೆರೆ ಎಳೆದು ಆ ಗೆರೆ ಮೇಲೆ ಹೊಲೀರಿ. ಗೆರೆಯಿಂದ ಹೊರಮೂಲೆ ಕಡೆಗೆ ಕಾಲಿಂಚು ಬಿಟ್ಟು ಮಿಕ್ಕಿದ್ದು ಕತ್ತರಿಸಿ ಮಗುಚಿ ಇಸ್ತ್ರಿ ಹಾಕಿ. ಇನ್ನೊಂದು ತುದಿಗೂ ಹಾಗೇ. ಈಗ ಮಧ್ಯೆ ಬಿಳಿ ಗೋಪುರ, ಅಕ್ಕಪಕ್ಕ ಬಣ್ಣದ ಎರಡು ಮೂಲೆ ಕಾಣುತ್ತೆ. ಗೋಪುರದ ತುದಿ ಬಟ್ಟೆಯ ಅಂಚಿಗೆ ತಾಗಿರಬಾರದು, ಕಾಲಿಂಚು ಕೆಳಗೇ ಇರಬೇಕು. ಅಯ್ಯೋ ಜಾಗ ವೇಸ್ಟ್ ಆಯ್ತು ಅಂತ ಮೇಲಕ್ಕೆ ಎಳೆದವರ ಗೋಪುರಕ್ಕೆಲ್ಲಾ ಮುಂದಿನ ಹೊಲಿಗೆಯಲ್ಲಿ ಮೂಗು ಹೋಗುತ್ತೆ.

ಇಂಥವು ನಾಲ್ಕಾದ ಮೇಲೆ ಮೂರು ಸಾಲು: ಮೊದಲನೇದು ಬಿಳಿ ಚೌಕ, ಗೋಪುರ, ಬಿಳಿ ಚೌಕ; ಎರಡನೇದು ಗೋಪುರ, ದೊಡ್ಡ ಚೌಕ, ಗೋಪುರ; ಮೂರನೇದು ಮತ್ತೆ ಮೊದಲಿನ ಥರ. ಎಲ್ಲಾ ಗೋಪುರದ ತುದಿನೂ ಮಧ್ಯದ ದೊಡ್ಡ ಚೌಕದ ಕಡೆ ಮುಖ ಮಾಡಿರಬೇಕು, ಆಗಲೇ ಬಣ್ಣದ ಎಂಟು ಮೂಲೆ ಹೊರಗೆ ಚಾಚೋದು. ಪಕ್ಕದಲ್ಲಿ ಹರಟೆ ಜೋರಾಗಿದ್ದಾಗ ಒಂದಾದ್ರೂ ತಲೆಕೆಳಗಾಗುತ್ತೆ. ಸಾಲು ಸೇರಿಸಿದ್ರೆ ಹನ್ನೆರಡೂವರೆ ಇಂಚು, ಕೌದಿಯೊಳಗೆ ಕೂತಾಗ ಹನ್ನೆರಡು.

ಚೀಟಿ ರೂಲ್ಸು

ಹೆಸರು ಬಂದವರು ಮುಂದಿನ ತಿಂಗಳೂ ಬ್ಲಾಕ್ ಹಾಕಲೇಬೇಕು, ದುಡ್ಡಿನ ಚೀಟಿ ಥರಾನೇ. ಹೋದ ವರ್ಷ ಒಬ್ಬರು ಎರಡನೇ ತಿಂಗಳು ಎತ್ತಿಕೊಂಡು ಮೂರನೇ ತಿಂಗಳು ಮಗಳ ಎಕ್ಸಾಮ್ ಅಂದ್ರು, ನಾಲ್ಕನೇ ತಿಂಗಳು ಫೋನೇ ತೆಗೀಲಿಲ್ಲ. ಉಳಿದವರು ಅವರ ಪಾಲಿಂದೂ ಹೊಲಿದು ಹಾಕಿದ್ವಿ, ಹಾಕುವಾಗ ಏನೇನು ಅಂದ್ವಿ ಅನ್ನೋದು ಇಲ್ಲಿ ಬರೆಯೋ ಹಾಗಿಲ್ಲ. ಅವತ್ತಿಂದ ಶುರುವಲ್ಲೇ ತಲೆಗೆ ಸಾವಿರ ರೂಪಾಯಿ ಠೇವಣಿ, ತಪ್ಪಿಸಿದ ಒಂದೊಂದು ಬ್ಲಾಕಿಗೆ ಐವತ್ತು ಕಟ್. ಕೊನೇಲಿ ವಾಪಸ್ ಕೊಡ್ತೀವಿ.

ಕೌದಿ ಕೂಡಿಸೋದು

ಇಪ್ಪತ್ತು ಬ್ಲಾಕ್ ಸೇರಿದ್ರೆ ನಾಲ್ಕಡಿಗೆ ಐದಡಿ, ದೊಡ್ಡವರಿಗೆ ಕಾಲು ಹೊರಗೆ ಉಳಿಯುತ್ತೆ. ಸುತ್ತ ಆರಿಂಚಿನ ಅಂಚು ಕೊಡಿ, ಐದಡಿಗೆ ಆರಡಿ ಆಗುತ್ತೆ. ಅಂಚಿನ ನಾಲ್ಕೂ ಪಟ್ಟಿಗೆ ಒಂದೇ ಅಳತೆ, ಆರೂವರೆಗೆ ಅರವತ್ತೂವರೆ ಇಂಚು, ಮೊದಲು ಉದ್ದದ ಎರಡು ಪಕ್ಕ ಹೊಲಿದು ಆಮೇಲೆ ಮೇಲೆ ಕೆಳಗೆ. ಒಂದು ಹಳೇ ಕಾಟನ್ ಸೀರೆಯನ್ನ ಉದ್ದಕ್ಕೆ ಕತ್ತರಿಸಿದ್ರೆ ನಾಲ್ಕೂ ಸಿಗುತ್ತೆ.

ಹಿಂಭಾಗಕ್ಕೆ ಹಳೇ ಡಬಲ್ ಬೆಡ್‌ಶೀಟು, ಕೌದಿಗಿಂತ ಎಲ್ಲಾ ಕಡೆ ಎರಡಿಂಚು ದೊಡ್ಡದಿರಲಿ. ಒಳಗಡೆಗೆ ಹತ್ತಿ ತುಂಬೋದು ನನಗೆ ಇಷ್ಟ ಇಲ್ಲ, ಸಕಲೇಶಪುರ ಮೂಡಿಗೆರೆ ಕಡೆ ಮಳೆಗೆ ಅದು ಒಣಗೋದೇ ಇಲ್ಲ, ಮುಗ್ಗಲು ವಾಸನೆ. ಎರಡು ಪದರ ಹಳೇ ಸೀರೆ ಸಾಕು. ಸೀರೆ ಪನ್ನ ಸಾಲದೇ ಇರೋದರಿಂದ ಎಪ್ಪತ್ತಾರು ಇಂಚಿನ ಎರಡು ತುಂಡು ಮಾಡಿ ಪಕ್ಕಪಕ್ಕ ಇಟ್ರೆ ಒಂದು ಪದರ ಆಯ್ತು.

ಇದೊಂದು ಕೆಲಸಕ್ಕೆ ನಾಲ್ಕು ಜನ ಬೇಕು, ಹಾಲ್‌ನಲ್ಲಿ ಸೋಫಾ ಸರಿಸಿ ನೆಲ ಒರೆಸಿ. ಬೆಡ್‌ಶೀಟನ್ನ ಉಲ್ಟಾ ಹಾಸಿ ನಾಲ್ಕೂ ಕಡೆಯಿಂದ ಎಳೆದು ನೆಲಕ್ಕೆ ಟೇಪ್ ಅಂಟಿಸಿ, ಮೇಲೆ ಸೀರೆ ಪದರ, ಅದರ ಮೇಲೆ ಹೊಲಿದ ಮೇಲ್ಭಾಗ. ಮಧ್ಯದಿಂದ ಹೊರಗಡೆಗೆ ಕೈಯಲ್ಲಿ ಸವರ್ತಾ, ನಾಲ್ಕು ಬೆರಳಿಗೊಂದರಂತೆ ಕಚ್ಚಾ ಹೊಲಿಗೆ ಹಾಕ್ತಾ ಹೋಗಿ. ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದವರು ಕೇಳ್ತಾರೆ, ಅವರು ಅಂಚಿಂದ ಶುರು ಮಾಡಿ ಸುತ್ತಿಕೊಂಡು ಒಳಗೆ ಬರ್ತಾರಲ್ಲ ಅಂತ. ಹೌದು, ಅವರು ಸೀರೆ ಮೇಲೆ ತುಂಡನ್ನ ಒಂದೊಂದಾಗಿ ಇಟ್ಟು ಹೊಲೀತಾ ಬರೋದು, ಸುಕ್ಕು ಬಂದ್ರೆ ಮುಂದಿನ ತುಂಡಲ್ಲಿ ಸರಿ ಮಾಡ್ಕೊಬಹುದು. ನಮ್ಮದು ಮೊದಲೇ ಜೋಡಿಸಿಟ್ಟ ಮೇಲ್ಭಾಗ, ಅಂಚಿಂದ ಬಂದ್ರೆ ಸುಕ್ಕೆಲ್ಲಾ ನಡುವಿಗೆ ಬಂದು ಗುಡ್ಡೆಯಾಗುತ್ತೆ. ಅವರ ಕೌದಿಯ ನಾಲ್ಕು ಮೂಲೇಲಿ ಚಿಕ್ಕ ಚಿಕ್ಕ ಬಣ್ಣದ ತುಂಡು ಮಡಿಸಿ ಕೂರಿಸಿದ ಹೂವಿರುತ್ತೆ, ಅದನ್ನ ನಾವು ಕದ್ದಿದೀವಿ.

ಆಮೇಲೆ ದಪ್ಪ ದಾರದಲ್ಲಿ ಎರಡೆರಡು ಬೆರಳು ಅಂತರಕ್ಕೆ ಸಾಲು ಸಾಲಾಗಿ ಕೈಹೊಲಿಗೆ. ಒಬ್ಬರೇ ಕೂತ್ರೆ ತಿಂಗಳು ಹಿಡಿಯುತ್ತೆ, ನಾಲ್ಕು ಜನ ನಾಲ್ಕು ಕಡೆ ಕೂತ್ರೆ ಮೂರು ಶನಿವಾರ. ಬೆರಳಿಗೆ ಟೈಲರ್ ಟೋಪಿ ಹಾಕ್ಕೊಳ್ಳಿ. ಕೊನೆಗೆ ಎಲ್ಲಾ ಪದರ ಸಮ ಕತ್ತರಿಸಿ ಎರಡೂವರೆ ಇಂಚಿನ ಪಟ್ಟಿ ಮಡಿಸಿ ಸುತ್ತ ಪೈಪಿಂಗ್, ಅರ್ಧ ಮೀಟರ್ ಬಟ್ಟೆ ಸಾಕು.

ಎಳೇ ಮಗುವಿಗೆ ಹೊಲಿದ್ರೆ ನೆಲದ ಮೇಲೆ ಆಡೋಕೆ ಹಾಸಿ, ವರ್ಷ ತುಂಬೋವರೆಗೆ ಮಲಗಿದಾಗ ಮೇಲೆ ಹೊದಿಸಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳ್ತಾರೆ.

ದುಡ್ಡಿನ ಚೀಟಿಲಿ ಎಲ್ಲರಿಗೂ ಮೊದಲು ಬೇಕು. ಇಲ್ಲಿ ಮೊದಲ ತಿಂಗಳು ಎತ್ತಿದವರಿಗೆ ಸೊಟ್ಟ ಬ್ಲಾಕು, ಹತ್ತನೇ ತಿಂಗಳವರಿಗೆ ಕೈ ಪಳಗಿದ ಮೇಲಿನ ಬ್ಲಾಕು. ಎರಡನೇ ವರ್ಷದ ಮೊದಲ ದಿನ ಡಬ್ಬಿ ಕುಲುಕೋಕೆ ಹೋದಾಗ ಅರಕಲಗೂಡಿನವರು ಕೈ ಅಡ್ಡ ಇಟ್ಟು “ತಡಿ ತಡಿ, ನನ್ ಚೀಟಿನ ಆರ್ನೇ ತಿಂಗ್ಳಿಗೆ ಆಕು” ಅಂದ್ರು. ಆಗಲ್ಲ ಅಂದ್ವಿ. ಮಗು ಎತ್ತಿದ್ದು ಅವರದ್ದೇ.